ಹದಿನೇಳನೆಯ ದಿನ

ಮುತ್ಯಾನ ಅಪ್ಪ ಧರೆಪ್ಪ ತೋಡಿಸಿದ ಬಾವಿ,
ಸಾವಳಗಿ ಊರ ಹೊರಗ, ಕರಿಕಲ್ಲು ಒಡೆದು, ನಲವತ್ತು ಮೆಟ್ಟಿಲು.
ಹೊಲ ಹಂಚಬಹುದು, ಸರಪಳಿ ಹಿಡಿದು.
ಮನಿ ಹಂಚಬಹುದು, ನಡುವ ಗ್ವಾಡಿ ಎತ್ತಿ.
ನೀರಿಗೆ ಕುಡಗೋಲು ತಾಗೂದಿಲ್ಲ.
ಹಂಗಾಗಿ ಹೊತ್ತು ಕೊಯ್ದರು.

ಹದಿನಾರಾಣೆ ಬಾವಿ, ಹದಿನಾರು ದಿನದ ಪಾಳಿ.
ಆಣೆಗೊಂದು ದಿನ, ಪೈಗೆ ಎರಡು ತಾಸು.
ನಾಕು ಗಂಡುಮಕ್ಕಳಿಗೆ ನಾಕ್ನಾಕು ಆಣೆ,
ಮುತ್ಯಾನ ನಾಕು ಒಡೆದು ಎರಡೆರಡು,
ಅಪ್ಪನ ಎರಡಾಣೆ ಈಗ ನಮ್ಮ ಮುಂದ:
ಅಣ್ಣ ಜಿನ್ನಪ್ಪ, ತಮ್ಮ ಅಜಿತ, ನಡುವ ನಾನು.
ಮೂವರಿಗಾದರ ಎಂಟೆಂಟು ಪೈ.
ಇಬ್ಬರಿಗಾದರ ಲೆಕ್ಕ ಚೊಕ್ಕ.

ಪದ್ಮವ್ವತ್ತಿಗೆ ಒಂದು ಪೈನೂ ಇರಲಿಲ್ಲ.
ಹತ್ತೊಂಬತ್ತಕ್ಕ ಗಂಡನ ಕಳಕೊಂಡು ತವರಿಗೆ ಬಂದಾಕಿ
ಐವತ್ತು ವರ್ಷ ಎಲ್ಲರ ಪೈ ಎಣಿಸಿದಳು.
ಕೆಂಪು ರಟ್ಟಿನ ಚೋಪಡಿ, ದಾರಕ್ಕ ಕಟ್ಟಿದ ಪೆನ್ಸಿಲು:
"ಭರಮು ಅರ್ಧ ತಾಸು ಹೆಚ್ಚಿಗಿ ಹೊಡೆದ. ಮುಂದಿನ ಪಾಳ್ಯಾಗ ಮುರಕೊಳ್ಳೂದು."
"ಮೋಟಾರು ಸುಟ್ಟಿತು. ಆಣೆಗೆ ನೂರಾ ಹತ್ತು."
"ಹೂಳು ತೆಗೆಸಿದ್ದು. ರಾಯಗೊಂಡ ಕೊಟ್ಟಿಲ್ಲ.
ಮಗಳ ಲಗ್ನ ಐತಿ, ಕೇಳಬಾರದು."

ಹದಿನಾರು ಮುಗಿದ ಮರುದಿನ ಯಾರದೂ ಅಲ್ಲ.
ಅದು ಬಾವಿದು.
ಧರೆಪ್ಪ ಯಾಕ ಹಂಗ ಕಟ್ಟುಮಾಡಿದ ಅಂತ ಬರೆದಿಟ್ಟವರಿಲ್ಲ.
ಕಪಲಿ ಇದ್ದಾಗ ಎತ್ತಿನ ಕೊಳ್ಳು ಬಿಚ್ಚತಿದ್ದರಂತ.
ಎಂಜಿನ್ನು ಬಂತು, ಕರೆಂಟು ಬಂತು,
ಆ ದಿನ ಗುಂಡಿ ಒತ್ತಿದ ಕೈ ಇಲ್ಲ.
ಅತ್ತಿ ಹನ್ನೊಂದನೇ ಮೆಟ್ಟಿಲ ಮ್ಯಾಲ ಸಾಮಾಯಿಕಕ್ಕ ಕೂಡತಿದ್ದಳು.
ಸುಮ್ಮನಿದ್ದರ ಸೆಲಿ ಬರೂ ಸಪ್ಪಳ ಕೇಳತೈತಿ,
ಹಾಲು ಕುಡಿಯೂ ಕರುವಿನ ಗಂಟಲದಂಗ.
ಎದ್ದಮ್ಯಾಲ ಗೇಣು ಹಾಕಿ ಬರೀತಿದ್ದಳು:
"ಇವತ್ತು ಬಾವಿ. ಏರಿದ್ದು ನಾಕು."

ಜಮಖಂಡಿ, ಸಬ್‌ರಜಿಸ್ಟ್ರಾರ ಆಫೀಸು, ಮಂಗಳವಾರ.
ಅಣ್ಣ ಇಳಕಲ್ ಸೀರಿ, ಎರಡು ತೊಲಿ ಸರ ತಂದಿದ್ದ.
ಚೀಲದಾಗ ಇತ್ತು, ಸಹಿ ಆದಮ್ಯಾಲ ತೆಗೆಯೂವಂಗ.
"ಎಂಟು ಪೈ ತಗೊಂಡು ಏನ ಮಾಡತಿ, ಶ್ರೀಮತಿ?
ಶೇಡಬಾಳದಿಂದ ನೀರು ಹಾಯಿಸಾಕ ಬರತಿಯೇನು?"
ಮಾತು ಸುಳ್ಳಲ್ಲ.
ಹದಿನಾರು ತಾಸಿನ ನೀರು ಹೊತ್ತು ಯಾವ ಬಸ್ಸು ಹತ್ತಲಿ?
ಪೆನ್ನು ತಗೊಂಡಿದ್ದೆ.
ಓದೂ ಚಟ ಒಂದು. ಮೂರನೇ ಹಾಳಿಗೆ ಬಂದೆ.

ಹದಿನೇಳನೇ ದಿನಾನೂ ಆಣೆವಾರಿ ಹಂಚಿದ್ದರು.
"ಸುಮ್ಮನ ಖಾಲಿ ಹೋಗತೈತಿ ಅಕ್ಕ," ಅಜಿತ ಅಂದ,
"ಮಣೂಕಕ್ಕ ರೇಟು ಐತಿ, ಎರಡೆಕರೆ ಹೊಸ ಬಳ್ಳಿ ಹಚ್ಚೀನಿ,
ದೊಡ್ಡಪ್ಪನ ಮಕ್ಕಳೂ ಒಪ್ಯಾರ."
ಆ ದಿನ ಕೈಯಿಂದ ಕಾಟು ಹೊಡೆದೆ.
ಕಾರಕೂನ ಕನ್ನಡಕ ಏರಿಸಿದ:
"ಹಂಗಾದರ ಇದರ ಮಾಲೀಕರು ಯಾರು? ಕಾಲಂ ಬಿಡಾಕ ಬರೂದಿಲ್ಲ."
"ಬಾವಿ," ಅಂದೆ.
"ಬಾವಿಗೆ ಆಧಾರ್ ಕಾರ್ಡ್ ಐತೇನ್ರಿ?"
ಎಲ್ಲಾರೂ ನಕ್ಕರು. ನಾನೂ ನಕ್ಕೆ.
ನಗತಾ ನಗತಾ ಪೆನ್ನಿನ ಟೊಪ್ಪಿಗಿ ಹಾಕಿದೆ.

ನೀರು ಹೊಡೆಯಾಕ ಅಲ್ಲ ಅಣ್ಣಾ, ಎಂಟು ಪೈ ನನಗ
ಬ್ಯಾಡ ಅನ್ನಾಕ ಬೇಕು.
ಅತ್ತಿಗೆ ಅದೊಂದು ಇರಲಿಲ್ಲ.

ಮಧ್ಯಾಹ್ನ ದಾಟಿತು. ಊಟದ ಡಬ್ಬಿ ಮುಚ್ಚಿ
ಕಾರಕೂನ ಬ್ಯಾಸತ್ತು, ಕಾಲಮಿನಾಗ ಒಂದು ಶಬ್ದ ಗೀಚಿದ:
ಸಾಮಾಯಿಕ.
ಕಚೇರಿ ಭಾಷಾದಾಗ ಎಲ್ಲರದು ಅಂತ ಅರ್ಥ.
ಅತ್ತಿ ಮೆಟ್ಟಿಲ ಮ್ಯಾಲ ಕೂತದ್ದಕ್ಕೂ ಅದ ಹೆಸರು.
ಅಂವಗೇನು ಗೊತ್ತಿರತೈತಿ.

ಸೀರಿ ಚೀಲದಾಗ ಉಳೀತು.
ಬಸ್‌ಸ್ಟ್ಯಾಂಡಿಗೆ ನಡಕೊಂಡು ಹೋದೆ.
ನನ್ನ ಹದಿನಾರು ತಾಸು ಇಬ್ಬರಿಗೂ ಬಿಟ್ಟೀನಿ,
ಬಾಯಿಮಾತಿನ್ಯಾಗ, ವರ್ಷಕ್ಕೊಮ್ಮೆ ಕೇಳೂ ಕರಾರಿನ ಮ್ಯಾಲ.
ಜಿನ್ನಪ್ಪ ಇನ್ನೂ ಕೇಳಿಲ್ಲ. ನೀರು ಮಾತ್ರ ಹೊಡಕೋತಾನ.

ಹದಿನೇಳು ದಿನಕ್ಕೊಮ್ಮೆ ಬರತೀನಿ.
ಅಜಿತನ ಮಗಳು ಚೋಪಡಿ ಹಿಡಕೊಂಡು ಮುಂದ ಇಳೀತಾಳ,
ಒದ್ದಿ ಕಲ್ಲಿಗೆ ಗೇಣು ಹಾಕಿ "ಐದು" ಅಂತಾಳ.
ನನ್ನ ಗೇಣಿಗೆ ನಾಕು ಆಗತೈತಿ.
ಪೆನ್ಸಿಲು ಆಕಿ ಕೈಯಾಗ.
ಯಾವುದನ್ನ ಬರೀಬೇಕು ಅಂತ ಇನ್ನೂ ಇಬ್ಬರೂ ಜಗಳಾಡತೀವಿ.