ಕಚ್ಚು

ಕುತೈಸಿಯಲ್ಲಿ, ಬಿಳಿ ಸೇತುವೆ ಇಳಿದರೆ ಎಡಕ್ಕೆ ನನ್ನ ಅಂಗಡಿ.
ಕೋಲು ತಟ್ಟುತ್ತ ಬಂದವನು ಎರಾಸ್ತಿ,
ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುವವನು,
ಹುಟ್ಟಿನಿಂದ ಕಣ್ಣಿಲ್ಲ.
ಎದೆಯ ಜೇಬಿನಿಂದ ಪೆನ್ ಡ್ರೈವ್ ತೆಗೆದ:
"ಇದರೊಳಗೆ ನನ್ನ ಹೆಂಡತಿ ಇದ್ದಾಳಂತೆ."

ಇದ್ದಳು. ತ್ಸಿಯಾಲಾ.
ಹುಳಿ ಪ್ಲಮ್ಮಿನ ಬೋಗುಣಿ ಸೊಂಟಕ್ಕಾನಿಸಿ
ಬಿಸಿಲಿಗೆ ಕಣ್ಣು ಕಿರಿದು ಮಾಡಿ
ಯಾರಿಗೋ "ಸಾಕು, ತೆಗೀಬೇಡ" ಅನ್ನುವಂತೆ.

"ಯಾವ ಕಾಗದ ನೋಡ್ತೀರಿ?" ಅಂದೆ.
ಅಂದು, ನಾಲಿಗೆ ಕಚ್ಚಿಕೊಂಡೆ.
ಅವನು ಕೈ ಚಾಚಿದ. "ಕೊಡು, ನೋಡೋಣ."

ಗ್ಲಾಸಿ ಹಾಳೆಯನ್ನು ಕಿವಿಯ ಹತ್ತಿರ ಅಲುಗಿಸಿ:
"ತಗಡು. ಬೀಗರ ಮನೆಯ ಮಾತು."
ಲಸ್ಟರ್ ಮೇಲೆ ಉಗುರೆಳೆದು:
"ಪಾಪ, ಇದಕ್ಕೆ ಚಳಿ. ಮೈಯೆಲ್ಲ ಮುಳ್ಳು."
ಬರೈಟಾ ಹಿಡಿದು ಬಹಳ ಹೊತ್ತು ಸುಮ್ಮನಿದ್ದ.
"ಕೆಳಗಿನ ಸಪ್ತಕ," ಅಂದ. "ಬೆಲೆ?"
ಹೇಳಿದೆ.
ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದ.

ಕೊನೆಗೆ ಹತ್ತಿಯ ಮ್ಯಾಟ್.
ಅಲುಗಿಸಿದರೆ ಸದ್ದೇ ಇಲ್ಲ.
ಹೆಬ್ಬೆರಳಿಗೆ, ಒಗೆದೊಗೆದು ಹಳತಾದ ದಿಂಬಿನ ಚೀಲ.
"ಇದು."

ವ್ಯಾಪಾರಕ್ಕೆ ಕೂತವಳು, ಹೇಳಲೇಬೇಕು:
ಇದು ಮುಟ್ಟಿಸಿಕೊಳ್ಳುವ ಕಾಗದವಲ್ಲ,
ಬೆರಳಿನ ಜಿಡ್ಡು ಕುಡಿಯುತ್ತೆ, ಕಪ್ಪು ಎದ್ದು ಬರುತ್ತೆ,
ಗಾಜು ಹಾಕಿಸಿ.
"ಗಾಜು ಹಾಕಿದ ಮೇಲೆ
ಎಲ್ಲ ಕಾಗದವೂ ಒಂದೇ ಅಲ್ಲವೇ, ಲಾಮಾರಾ?
ಸವೆಯಲಿ ಬಿಡು.
ಪಿಯಾನೋದ ಸುತ್ತಿಗೆಗೆ ಸುತ್ತಿದ ಉಣ್ಣೆಯೂ ಸವೆಯುತ್ತೆ."

ಶಾಯಿ ಆರಿದ ಮೇಲೆ ಅವನ ತೋರುಬೆರಳು ಹಿಡಿದು
ಮೇಲಂಚಿನಿಂದ ನಾಲ್ಕು ಬೆರಳು ಕೆಳಗೆ ಇಟ್ಟೆ:
ಇಲ್ಲಿ ಮುಖ.
ಎರಡು ಸಲ ಅಳೆದುಕೊಂಡು ಹೋದ.

ದಾಳಿಂಬೆ ಗಾಡಿಗಳು ಬೀದಿಗಿಳಿದ ಕಾಲಕ್ಕೆ ಮತ್ತೆ ಬಂದ.
"ಒಂದು ಕಡೆ ಒರಟಾಗಿದೆ. ಇನ್ನೊಂದು ಮಾಡಿಕೊಡು."
ಸುತ್ತಿದ ಬಟ್ಟೆ ಬಿಚ್ಚಿದರೆ
ತ್ಸಿಯಾಲಾಳ ಮುಖ ಅಚ್ಚಾದ ದಿನದಷ್ಟೇ ಹೊಸತು.
ಸವೆದದ್ದು ಬೋಗುಣಿ,
ಹಣ್ಣುಗಳ ನಡುವೆ ನಾಣ್ಯದಗಲ ಬೆಳ್ಳಗೆ ಹತ್ತಿ.
ತಲೆಕೆಳಗಾಗಿ ಹಿಡಿದಿದ್ದಾನೆ,
ಇಷ್ಟೂ ತಿಂಗಳು.

ಹೇಳಲೋ ಬೇಡವೋ.
ಪ್ರಿಂಟರ್ ಹಲ್ಲು ಕಡಿಯುತ್ತ
ಅವಳನ್ನು ಇಂಚಿಂಚೇ ಹೊರಗೆ ಬಿಡುವಾಗ ನೆನಪಾಯಿತು:
ಕತ್ತಲೆಕೋಣೆಯ ದಿನಗಳಲ್ಲಿ
ಹಾಳೆ ಫಿಲ್ಮಿನ ಮೂಲೆಗೊಂದು ಕಚ್ಚಿರುತ್ತಿತ್ತು.
ದೀಪವಿಲ್ಲದೆ, ಯಾವುದು ಮೇಲೆ, ಯಾವುದು ಬೆನ್ನು,
ಬೆರಳೇ ಹೇಳುತ್ತಿತ್ತು.
ಆಗ ದಿನಕ್ಕೆ ಆರು ತಾಸು ನಾನೂ ಕುರುಡಿ.

ಕತ್ತರಿ ತೆಗೆದು
ಬಲಗಡೆಯ ಮೇಲ್ಮೂಲೆಗೆ ಒಂದು ಪುಟ್ಟ ಕಚ್ಚು ಹಾಕಿದೆ.
ಬೆರಳು ತಂದು ಅದರಲ್ಲಿ ಕೂಡಿಸಿದೆ.
"ಇದು ಮೇಲೆ."

ಬೆರಳು ಅಲ್ಲಿಂದ ಹೊರಟಿತು, ಇಳಿಯಿತು, ನಿಂತಿತು.
"ಹಾಗಾದರೆ ಇಷ್ಟು ದಿನ?"
"ಪ್ಲಮ್," ಅಂದೆ.

ದುಡ್ಡು ಎಣಿಸಿ ಕೊಟ್ಟ.
ಕೋಲು ತಡವುತ್ತ ಬಾಗಿಲ ತನಕ ಹೋಗಿ ತಿರುಗಿದ:
"ಹಳೆಯದನ್ನೂ ಕೊಡು.
ಅವನ್ನು ಕೊಯ್ದವಳು ಅವಳೇ."