ಮೂರನೇ ಪುಸ್ತಕ, ಎಡಬದಿಯ ಹಾಳೆ

ಎಂಜಲು ಹಚ್ಚಿ ಹಾಳೆ ತಿರುವಬೇಡ ಮಗಳೇ
ಅಂದರು ದೋನ್ ನಸಾರಿಯೊ, ಬೀಗದಕೈ ಗೊಂಚಲು ಮೇಜಿನ ಮೇಲಿಟ್ಟು.
ನೊಚಿಸ್ತ್ಲಾನಿನ ಇಗರ್ಜಿಯ ಹಿಂದಿನ ಕೋಣೆ.
ಒಂದೇ ಕಿಟಕಿ. ಆಚೆ ಯಾರೋ ಜೋಳ ಸುಡುವ ವಾಸನೆ.
ಮೂರು ಗುರುವಾರದಿಂದ ಬರುತ್ತಿದ್ದೇನೆ,
ಸತ್ತವರ ಮನೆಗೆ ಬಾಕಿ ಕೇಳಲು ಬಂದವಳ ಹಾಗೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಎರಡು ಮನೆತನದ ಹೆಸರು.
ಮೊದಲು ಅಪ್ಪನದು, ಅದರ ಬೆನ್ನಿಗೆ ಅಮ್ಮನದು.
ನಾನು ಒಬ್ದೂಲಿಯಾ ತಿಸ್ಕಾರೆನ್ಯೊ ಒಲಾಗೆ.
ನನ್ನ ಮಗನ ಹೆಸರಲ್ಲಿ ಒಲಾಗೆ ಇಲ್ಲ.
ಅವನ ಮಗಳ ಹೆಸರಲ್ಲಿ ನಾನೇ ಇಲ್ಲ.
ತಲೆಮಾರಿಗೊಬ್ಬಳು ಅಜ್ಜಿ
ಹೆಸರಿನಿಂದ ಇಳಿದುಹೋಗುತ್ತಾಳೆ,
ಫಲಕವಿಲ್ಲದ ಕ್ರಾಸಿನಲ್ಲಿ ಬಸ್ಸು ನಿಲ್ಲಿಸಿ
ಕೋಳಿಬುಟ್ಟಿ ಹಿಡಿದು ಇಳಿಯುವವಳ ಹಾಗೆ.
ಬಸ್ಸು ಹೊರಟ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ.

ಉಳಿಯುವುದು ಗಂಡಸರ ಹೆಸರು.
ಅದನ್ನೇ ಬಾವಿಹಗ್ಗದಂತೆ ಹಿಡಿದು, ಕೈಮೇಲೆ ಕೈಯಿಟ್ಟು ಹತ್ತಿದೆ:
ಅಪ್ಪ ಎವರಾರ್ದೊ. ಅವನಪ್ಪ ಸೆನೊಬಿಯೊ.
ಹೇಸರಗತ್ತೆ ಒದ್ದು ಸತ್ತ ಪಾನ್ಫಿಲೊ.
ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ
ಒಂದೇ ವಾರದ ಕಾಲರಾದಲ್ಲಿ ಹೂತು
ಚಳಿಗಾಲದೊಳಗೆ ಮತ್ತೆ ಮದುವೆಯಾದ ತೆಲೆಸ್ಫೊರೊ.
(ಅವನ ಮೇಲೆ ಎರಡು ದಿನ ಸಿಟ್ಟಿತ್ತು ನನಗೆ.
ಆಮೇಲೆ, ಆ ಮದುವೆಯಿಂದಲೇ ನಾವು ಎಂದು ಹೊಳೆಯಿತು.)

ದೊಡ್ಡಪ್ಪ ಫುಲ್ಹೆನ್ಸಿಯೊನ ಪಡಸಾಲೆಯಲ್ಲಿ
ಗಾಜು ಹಾಕಿಸಿದ ಗುರಾಣಿಯ ಚಿತ್ರವಿದೆ.
ಎರಡು ಸಿಂಹ, ಒಂದು ಗೋಪುರ, ಕೆಳಗೆ ನಮ್ಮ ಹೆಸರು.
ಗ್ವಾದಲಹಾರದ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡದ್ದು.
"ನಾವು ಹಡಗು ಹತ್ತಿ ಬಂದವರು" ಅನ್ನುತ್ತಾನೆ,
ಸಮುದ್ರವನ್ನೇ ಕಾಣದವನು.
"ಹೊಳೆಯ ಮೂಲ ಕೆದಕಬೇಡವೇ" ಅನ್ನುತ್ತಿದ್ದಳು ಅಮ್ಮ,
ಲೋಟ ಒರೆಸುತ್ತ, ಯಾರ ಕಡೆಗೂ ನೋಡದೆ.

ಸಾವಿರದ ಏಳುನೂರ ಎಂಬತ್ತೊಂದು.
ಪಾದ್ರಿಯ ಅಕ್ಷರ ಇರುವೆಸಾಲು.
*ಗಂಡುಕೂಸು, ಎಂಟು ದಿನದ್ದಿರಬಹುದು,*
*ಇಗರ್ಜಿಯ ಬಾಗಿಲಲ್ಲಿ ಸಿಕ್ಕಿತು. ತಂದೆತಾಯಿ ತಿಳಿಯದು.*
*ಹೊಸೆ ಎಂಕಾರ್ನಾಸಿಯೊನ್ ಎಂದು ಹೆಸರಿಟ್ಟೆ.*
*ಎತ್ತಿಕೊಂಡು ನಿಂತವಳು ಹೆರ್ತ್ರುದಿಸ್ ತಿಸ್ಕಾರೆನ್ಯೊ,*
*ಜೀತದಿಂದ ಬಿಡುಗಡೆಯಾದ ಕರಿಯಳು, ಮೇಣದಬತ್ತಿ ಮಾಡುವವಳು.*
*ಸಹಿ ಬಾರದು.*

ಹಗ್ಗ ಅಲ್ಲಿಗೆ ಮುಗಿಯಿತು.
ತುದಿ ಹಿಡಿದು ನಿಂತವನು ಗಂಡಸಲ್ಲ.

ಆ ಹೆಸರಾದರೂ ಅವಳದೇ? ಅವಳನ್ನು ಕೊಂಡ ಮನೆಯದು.
ಸಿಂಹಗಳು ನಿಜವಾದರೆ ಅವೂ ಆ ಮನೆಯವೇ.
ಅವಳನ್ನು ಬಿಟ್ಟರು, ಹೆಸರನ್ನು ಬಿಡಿಸಿಕೊಳ್ಳಲು ಮರೆತರು.
ಬೇರೇನೂ ಇಲ್ಲದವಳು ಅದನ್ನೇ
ಬರಿಮೈ ಕೂಸಿಗೆ ಹೊದಿಸಿದಳು.

ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಇನ್ನೊಂದು ಸಾಲು:
*ಕೆಲವರು ಹೇಳುವಂತೆ ಈತನ ತಾಯಿ*
ಮುಂದೆ ತೂತು.
ಹುಳು ನಲವತ್ತು ಹಾಳೆ ಒಂದೇ ನೇರಕ್ಕೆ ಕೊರೆದಿದೆ,
ಜಮೀನುದಾರರ ಮಗಳು, ಗಣಿಯಾಳಿನ ಮಗ,
ಬದುಕದ ಅವಳಿಗಳು, ಯಾರೆಂದು ಕೇಳದೆ.
ಹಾಳೆ ಎತ್ತಿ ಬೆಳಕಿಗೆ ಹಿಡಿದೆ.
ತೂತಿನೊಳಗೆ ಕಿಟಕಿ ಕಂಡಿತು, ಅಷ್ಟೆ.

ಎಂಟು ದಿನದ್ದು ಎಂದು ಹೇಗೆ ಗೊತ್ತಾಯಿತು ಪಾದ್ರಿಗೆ?
ಹೊಕ್ಕುಳ ಒಣಗಿತ್ತೇ?
ಎಂಟು ದಿನ ಎಲ್ಲಿತ್ತು ಕೂಸು, ಯಾರ ಹಾಲು ಕುಡಿಯಿತು?
ನಸುಕಿನಲ್ಲಿ ಬತ್ತಿ ಕೊಡಲು ಬರುವವಳಿಗೇ
ಯಾಕೆ ಮೊದಲು ಕೇಳಿಸಿತು ಆ ಅಳು?

ದೋನ್ ನಸಾರಿಯೊ ಕೆಮ್ಮಿದರು. ಒಂದು ಗಂಟೆ. ಊಟದ ಹೊತ್ತು.

ಭಾನುವಾರ ದೊಡ್ಡಪ್ಪನ ಮನೆ.
ಗುರಾಣಿಯ ಕೆಳಗೆ ಕುರ್ಚಿ ಎಳೆದು ಕೂರಿಸಿದ.
ಕಿವಿ ಮಂದ; ಅಂಗೈ ಓರೆ ಮಾಡಿ ಕೇಳಿದ:
"ಎಲ್ಲಿಯವರೆಗೆ ಹೋದೆ? ಸ್ಪೇನ್ ಸಿಕ್ಕಿತಾ?"
"ಬಾಗಿಲವರೆಗೆ ಹೋದೆ, ದೊಡ್ಡಪ್ಪಾ."
"ಆಂ?"
"ಬಾಗಿಲವರೆಗೆ."
"ಹಾಕಿಲ್ಲ, ತೆರೆದೇ ಇದೆ" ಅಂದ,
ಬಾಗಿಲ ಕಡೆ ನೋಡಿ. ಹುರುಳಿಕಾಳಿನ ಬಟ್ಟಲು
ನನ್ನತ್ತ ತಳ್ಳಿದ.