ಕಾರಣ

ಮೂರು ತಿಂಗಳು ಬರಲಿಲ್ಲ. ಇವತ್ತು ಬಂತು,
ಬಾಗಲಕೋಟಿ ಬಿಟ್ಟು ಆನಗವಾಡಿ ದಾಟಿದ ಮ್ಯಾಲೆ,
ಬಸ್ಸಿನ್ಯಾಗ ಎಪ್ಪತ್ಮೂರು ಮಂದಿ,
ಇನ್ನೂ ಅರ್ಧಾ ಟಿಕೆಟ್ ಹರಿಯೂದೈತಿ.

ಖಾಕಿಗೆ ಒಂದ ಗುಣ, ಧೂಳು ಮುಚ್ಚತೈತಿ.
ಕೆಂಪು ಮುಚ್ಚಂಗಿಲ್ಲ.
ಚರ್ಮದ ಚೀಲ ಹಿಂದಕ್ಕ ಸರಿಸಿಕೊಂಡೆ,
ಚಿಲ್ಲರೆ ನಡಕ್ಕ ಬಡಕೋಂತ ಬಂತು.

ಬೀಳಗಿ ಕ್ರಾಸಿಗೆ ಹತ್ತಿದ ಮುದುಕಿ
ಶೂನ್ಯದ ಟಿಕೆಟ್ ಇಸಕೊಂಡು
ನನ್ನ ಗದ್ದಾನ ನೋಡಿದಳು.
ಮುಂಜಾನೆ ನಾಕಕ್ಕ ಬ್ಯಾಟರಿ ಬೆಳಕಿನ್ಯಾಗ ಕಿತ್ತೀನಿ,
ಎರಡು ಉಳದಾವು.

ಡಾಕ್ಟರಮ್ಮ ಚೀಟಿ ಮ್ಯಾಲೆ ನಾಕು ಇಂಗ್ಲಿಷ್ ಅಕ್ಷರ ಬರದು
“ಹೊತ್ತಿಗೆ ಸರಿ ಉಣ್ರಿ, ಚಂದಂಗ ಮಕ್ಕೋರಿ” ಅಂದ್ರು.
ಅದನ್ನ ಡ್ಯೂಟಿ ಚಾರ್ಟಿಗೆ ಹೇಳಬೇಕಿತ್ತು.
ಇವತ್ತ ರಾತ್ರಿ ಹಾಲ್ಟು ಇಂಡಿಯಾಗ.

ರಜಾ ಅರ್ಜಿಯಾಗ ‘ಕಾರಣ’ ಅನ್ನೂ ಗೆರಿ
ಮೂರು ಬಟ್ಟು ಉದ್ದ.
ವರ್ಷಾನುಗಟ್ಲೆ ಬರದದ್ದು: ಜ್ವರ.
“ಮಹಾನಂದಾ, ನಿನಗ ಎಷ್ಟ ಸಲ ಬರತೈತಿ?”
ಡಿಪೋ ಮ್ಯಾನೇಜರ್ ನಕ್ಕೋಂತ ಕೇಳಿದ್ರು.
ಎಷ್ಟ ಸಲ ಬರತೈತಿ, ಯಾವಾಗ ಬರತೈತಿ
ನನಗೂ ಗೊತ್ತಿಲ್ರಿ ಸರ,
ಅದ ನನ್ನ ರೋಗ.
ಹಿಂಗ ಅನಲಿಲ್ಲ. ಸಹಿ ಹಾಕಿಸಿಕೊಂಡು ಬಂದೆ.

ಕೃಷ್ಣಾ ದಾಟಿ, ಕೊಲ್ಹಾರದ ಮೊಸರಿನ ಗಡಿಗಿ ಇಳದ ಮ್ಯಾಲೆ
ಬಸ್ಸು ಒಮ್ಮೆಲೆ ಪೆಟ್ರೋಲ್ ಬಂಕಿಗೆ ಹೊಳ್ಳಿತು.
ಡ್ರೈವರ್ ಬಂದೇನವಾಜ ಇಳದು ಹಿಂದಿನ ಗಾಲಿಗೆ ಒದ್ದ,
ಕುಕ್ಕರಗಾಲಿಲೆ ಕುಂತು ನೋಡಿದ, ಮತ್ತೊಮ್ಮೆ ಒದ್ದ.
“ಹತ್ತು ನಿಮಿಷರೀ, ಗಾಳಿ ಕಡಿಮಿ ಆಗೈತಿ.”
ನನ್ನ ಕಡೆ ನೋಡಲಿಲ್ಲ.

ಬಂಕಿನ ಹಿಂದ ಸಂಡಾಸು.
ಚಿಲಕಿಲ್ಲದ ಬಾಗಿಲಿಗೆ
ಚಿಲ್ಲರೆ ಚೀಲ ಆನಿಸಿದೆ.

ವಿಜಯಪುರದಾಗ ಪುಸ್ತಕದಾಗ ಬರದೆ:
ಹತ್ತು ನಿಮಿಷ ತಡ.
ಕಾರಣ: ಗಾಲಿ.